ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ

ನಾನು ದರ್ಜಿ. ಮೆಟ್ಟಿಲ ಕೆಳಗಿನ ಒಂದು ಅಂಗಡಿ, ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸಲು ಒಂದು ಮೇಜು. ಮೇಜಿನ ಆ ಕಡೆ ನಾನು, ಈ ಕಡೆ ಕಾಜ ಹಾಕುತ್ತ, ಅಂಚು ಮಡಿಸಿ ಹೊಲಿಯುತ್ತ ನನ್ನ ಹೆಂಡತಿ. ಮೂವತ್ತು ವರ್ಷಗಳಿಂದ ಇದೇ ಬದುಕು. ದೇವರ ರಾಜ್ಯದಲ್ಲಿ ನನಗೂ ಒಂದು ಹುದ್ದೆ ಸಿಗುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಸಿಕ್ಕಿತು. ಸಿಕ್ಕಿದ ಮೇಲೆ ನನ್ನ ತಲೆ ನನ್ನ ಭುಜದ ಮೇಲೆ ನಿಲ್ಲಲಿಲ್ಲ.

ತಾಯಿ ತೀರಿಕೊಂಡಾಗ ನನಗೆ ಆರು ವರ್ಷ. ಸಾಕಿದವಳು ದೊಡ್ಡಮ್ಮ, ತಾಯಿಯ ಅಕ್ಕ. ಪ್ರಾರ್ಥನೆಯನ್ನೂ ಹೊಲಿಗೆಯನ್ನೂ ನನಗೆ ಕಲಿಸಿದವಳು ಅವಳೇ, ಅದೂ ಒಟ್ಟೊಟ್ಟಿಗೆ. ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಕಣ್ಣು ಮುಚ್ಚಿ, "ಸ್ವಾಮೀ, ಇದು ಇನ್ನೊಬ್ಬರ ಬಟ್ಟೆ, ಕೈ ಹಿಡಿ" ಎನ್ನುತ್ತಿದ್ದಳು. ಅವಳ ಇಡೀ ಧರ್ಮಶಾಸ್ತ್ರ ಅಷ್ಟೇ. ಚರ್ಚಿನಲ್ಲಿ ಪ್ರಸಂಗ ಸ್ವಲ್ಪ ಉದ್ದವಾದರೆ ಧಾರಾಳವಾಗಿ ತೂಕಡಿಸುತ್ತಿದ್ದಳು. ಆದರೆ ನನಗೆ ಬುದ್ಧಿ ಬಂದಾಗಿನಿಂದ ಅವಳು ಒಂದು ಭಾನುವಾರವನ್ನೂ ತಪ್ಪಿಸಿದ್ದು ನೆನಪಿಲ್ಲ.

ನಮ್ಮ ಚರ್ಚಿಗೆ ಹೊಸ ಪಾಸ್ಟರ್ ಬಂದರು. ವಯಸ್ಸು ಚಿಕ್ಕದು, ಗಂಟಲು ದೊಡ್ಡದು. ಲೋಕ ಕೆಟ್ಟಿರುವುದು ಉಡುಪಿನಿಂದ ಎಂದು ಅವರು ಸತತ ನಾಲ್ಕು ವಾರ ಹೇಳಿದರು. ಐದನೆಯ ವಾರ ಸಭೆಯ ಹಿರಿಯರು ಸೇರಿ ನಿಯಮ ಮಾಡಿದರು: ಹೆಂಗಸರ ತೋಳು ಮೊಣಕೈಯಿಂದ ನಾಲ್ಕು ಬೆರಳು ಕೆಳಗಿರಬೇಕು. ಸರಿ, ನೋಡುವವರು ಯಾರು? ಬಾಗಿಲಲ್ಲಿ ನಿಂತು ಹೆಂಗಸರ ಕೈಗೆ ಟೇಪು ಹಿಡಿಯುವುದು ಚೆನ್ನಾಗಿರುವುದಿಲ್ಲ. ಆಗ ಒಬ್ಬ ಹಿರಿಯರು ನನ್ನ ಕಡೆ ತಿರುಗಿ, ಇವನು ಕಣ್ಣಳತೆಯಲ್ಲೇ ಅರ್ಧ ಇಂಚು ಹೇಳುತ್ತಾನೆ ಎಂದರು. ನಾನು ನಾಚಿಕೊಂಡು ತಲೆ ತಗ್ಗಿಸಿದೆ. ಒಳಗೊಳಗೆ ಹಿಗ್ಗಿ ಹೀರೇಕಾಯಿಯಾಗಿದ್ದೆ.

ಅಂದಿನಿಂದ ಪ್ರತಿ ಭಾನುವಾರ, ಇಸ್ತ್ರಿ ಮಾಡಿದ ಕೋಟು ತೊಟ್ಟು ಬಾಗಿಲಲ್ಲಿ ನಿಂತೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ ಎಂದರೆ ಅದು ಕಡಿಮೆಯೇ. ತಡವಾಗಿ ಬರುವವರು ನುಸುಳಬಾರದೆಂದು ಆರಾಧನೆ ಮುಗಿಯುವ ತನಕ ಕದಲುತ್ತಿರಲಿಲ್ಲ. ಬೈಬಲ್ಲಿನಲ್ಲಿ ಯಾವ ಪುಸ್ತಕ ಎಲ್ಲಿದೆ ಎಂದು ಹುಡುಕಲು ನನಗೆ ಇಂದಿಗೂ ಮೊದಲ ಪುಟದ ಪಟ್ಟಿ ಬೇಕು. ಆದರೆ ಗಿಡ್ಡ ತೋಳನ್ನು ರಸ್ತೆಯ ಆಚೆ ಬದಿಯಲ್ಲೇ ಗುರುತಿಸುತ್ತಿದ್ದೆ. ಮನೆಯಲ್ಲೂ ನನ್ನ ಕಾಟ ಶುರುವಾಯಿತು. ರೇಡಿಯೋ ಹೋಯಿತು, ಹೆಂಡತಿಯ ಕೆಂಪು ಸ್ವೆಟರ್ ಹೋಯಿತು. ನಿಮಗೆ ದೇವರ ಭಯ ಬಂದಿದೆಯೋ ಗೊತ್ತಿಲ್ಲ, ನಮಗಂತೂ ನಿಮ್ಮ ಭಯ ಬಂದಿದೆ ಎಂದು ಅವಳು ಒಮ್ಮೆ ಹೇಳಿದಳು. ಅದನ್ನು ಹೊಗಳಿಕೆ ಎಂದುಕೊಂಡೆ.

ಈಗ ಯೋಚಿಸಿದರೆ ಅನ್ನಿಸುತ್ತದೆ: ನನ್ನ ನಂಬಿಕೆ ಎಷ್ಟಿದೆ ಎಂದು ನನಗೆ ಎಂದೂ ಗೊತ್ತಾಗಿರಲಿಲ್ಲ. ಕೆಲವು ದಿನ ತುಂಬ ಇದ್ದಂತೆ, ಕೆಲವು ದಿನ ಏನೂ ಇಲ್ಲದಂತೆ. ಆ ಗೊಂದಲದಲ್ಲಿ ಬದುಕುವುದು ಕಷ್ಟ. ತೋಳಿನ ಉದ್ದ ಹಾಗಲ್ಲ, ಸರಿ ಇರುತ್ತದೆ ಅಥವಾ ಇರುವುದಿಲ್ಲ. ಇನ್ನೊಬ್ಬರ ತೋಳು ನೋಡುತ್ತಿದ್ದಷ್ಟು ಹೊತ್ತು ನನ್ನ ನಂಬಿಕೆ ಗಟ್ಟಿಯಾಗಿದೆ ಎನಿಸುತ್ತಿತ್ತು. ಕಟ್ಟಾ ಭಕ್ತನಾಗುವುದು ಇಷ್ಟು ಸುಲಭ ಎಂದು ಮೊದಲೇ ಗೊತ್ತಿದ್ದರೆ ಇಪ್ಪತ್ತರಲ್ಲೇ ಆಗಿಬಿಡುತ್ತಿದ್ದೆ.

ಒಂದು ಭಾನುವಾರ ದೊಡ್ಡಮ್ಮ, ಅಲ್ಲಿಯವರೆಗೆ ತೊಡುತ್ತಿದ್ದ ಉದ್ದ ತೋಳಿನದು ಹರಿದಿದ್ದರಿಂದ, ಬೂದು ಬಣ್ಣದ ಗೌನು ತೊಟ್ಟು ಬಂದಳು. ತೋಳು ಮೊಣಕೈಗಿಂತ ಎರಡು ಬೆರಳು ಮೇಲೆಯೇ ನಿಂತಿತ್ತು. ಹಿಂದೆ ಸಾಲು, ಪಕ್ಕದಲ್ಲಿ ಪಾಸ್ಟರ್. ನನಗೂ ಮುಜುಗರವಾಯಿತು. ಆದರೆ ಸ್ವಂತದವರೆಂದು ಬಿಟ್ಟರೆ ಊರಿನ ಬಾಯಿ ಸುಮ್ಮನಿರುತ್ತದೆಯೇ? ನನ್ನ ನಿಷ್ಠೆ ತೋರಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಇಲ್ಲ ಎಂದೂ ಅನ್ನಿಸಿತು. ಅದನ್ನು ಮುಚ್ಚಿಡುವುದಿಲ್ಲ.

"ದೊಡ್ಡಮ್ಮ, ತೋಳು ಗಿಡ್ಡ ಇದೆ. ಒಳಗೆ ಬಿಡೋಕಾಗಲ್ಲ" ಎಂದೆ, ಎಲ್ಲರಿಗೂ ಕೇಳಿಸುವ ಹಾಗೆ.

ಅವಳು ತೋಳನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು.

"ಹೌದಪ್ಪ, ಗಿಡ್ಡಾನೇ" ಎಂದು ಹೇಳಿ, ಕೋಲೂರಿಕೊಂಡು ಮೆಟ್ಟಿಲಿಳಿದು ಹೋದಳು. ಪಾಸ್ಟರ್ ನನ್ನ ಬೆನ್ನು ತಟ್ಟಿದರು.

ಮಧ್ಯಾಹ್ನ ಊಟಕ್ಕೆ ಕುಳಿತಾಗ ನಾನು ಇದನ್ನು ಹೆಂಡತಿಗೆ ದೊಡ್ಡ ತ್ಯಾಗವೆಂಬಂತೆ ವರ್ಣಿಸಿದೆ. ಅವಳು ತಟ್ಟೆ ಸರಿಸಿ, ಆ ಗೌನು ಹೊಲಿದವರು ಯಾರು ಎಂದು ಕೇಳಿದಳು. ನನಗೆ ತಟ್ಟನೆ ನೆನಪಾಯಿತು. ಎರಡು ವರ್ಷದ ಹಿಂದೆ, ಅವಸರದಲ್ಲಿ, ನಾನು ಎರಡು ತೋಳನ್ನೂ ಬಲಗೈಗೇ ಕತ್ತರಿಸಿಬಿಟ್ಟಿದ್ದೆ. ತೋಳಿನ ಮೇಲ್ಭಾಗದಲ್ಲಿ ಮುಂದಿನ ಬಾಗು ಬೇರೆ, ಹಿಂದಿನದು ಬೇರೆ. ಬಟ್ಟೆ ತಿರುವಿ ಹಾಕೋಣವೆಂದರೆ ಒಳಬದಿಗೆ ಬಣ್ಣವೇ ಇರಲಿಲ್ಲ. ಬೇರೆ ಬಟ್ಟೆಯೂ ಉಳಿದಿರಲಿಲ್ಲ. ಒಂದನ್ನು ಮೇಲಿನಿಂದ ಮತ್ತೆ ಕತ್ತರಿಸಿ ಎಡಗೈಯಾಗಿಸಿದೆ, ಇನ್ನೊಂದನ್ನೂ ಅದರ ಸಮಕ್ಕೆ ಗಿಡ್ಡ ಮಾಡಿದೆ. ಕೊಡುವಾಗ, ಈಗ ಇದೇ ಹೊಸ ಮಾದರಿ ಎಂದು ಸುಳ್ಳು ಹೇಳಿದ್ದೆ. ಜೀವನವಿಡೀ ಹೊಲಿದವಳಿಗೆ ಅದು ಗೊತ್ತಾಗದೆ ಇರುತ್ತದೆಯೇ? ಗೊತ್ತಾಗಿಯೂ ಹೊಟ್ಟೆಗೆ ಹಾಕಿಕೊಂಡಿದ್ದಳು. ಆ ದಿನ ಬಾಗಿಲಲ್ಲೂ ಅದನ್ನೇ ಮಾಡಿದಳು. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಮುಂದಿನ ಭಾನುವಾರ ಅವಳು ಬರಲಿಲ್ಲ, ಅದರ ಮುಂದಿನದೂ ಇಲ್ಲ. ಎಂಬತ್ತೊಂದು ವರ್ಷದವಳಿಗೆ ಇನ್ನೆಷ್ಟು ಭಾನುವಾರಗಳಿವೆ? ಅದರಲ್ಲಿ ಮೂರನ್ನು ನಾನು ಕಿತ್ತುಕೊಂಡಿದ್ದೆ. ಉದ್ದ ತೋಳಿನ ಹೊಸ ಗೌನು ಹೊಲಿದುಕೊಂಡು ಅವಳ ಮನೆಗೆ ಹೋದೆ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಹೊಲಿಗೆ ಚೆನ್ನಾಗಿದೆ, ಆದರೆ ನನಗೆ ಇರುವುದೇ ಸಾಕು ಎಂದು ಹೇಳಿ ವಾಪಸು ಕೊಟ್ಟಳು. ಕೋಪವಿಲ್ಲ ಎಂದಳು. ತಾನು ಬಂದರೆ ನಾನು ತಡೆಯಬೇಕಾಗುತ್ತದೆ, ತಡೆಯದಿದ್ದರೆ ಜನ ನನ್ನನ್ನು ಆಡಿಕೊಳ್ಳುತ್ತಾರೆ, ಎರಡೂ ಬೇಡವೆಂದೇ ಮನೆಯಲ್ಲಿ ಉಳಿದದ್ದು ಎಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನೀನು ಆ ಬೂದು ಗೌನಿನಲ್ಲೇ ಬರಬೇಕು, ಉಳಿದದ್ದು ನನಗೆ ಬಿಡು ಎಂದು ಕೈ ಹಿಡಿದು ಕೇಳಿಕೊಂಡೆ.

ಬಂದಳು. ಸಾಲಿನಲ್ಲಿದ್ದವರೆಲ್ಲ ನನ್ನ ಕಡೆಯೇ ನೋಡುತ್ತಿದ್ದರು. ರಾತ್ರಿಯೆಲ್ಲ ಉರು ಹೊಡೆದಿದ್ದ ಭಾಷಣ ಆ ಹೊತ್ತಿಗೆ ಸರಿಯಾಗಿ ಕೈಕೊಟ್ಟಿತು. ಎರಡು ಬಲಗೈ ಕತ್ತರಿಸಿದ್ದು, ಸುಳ್ಳು ಹೇಳಿದ್ದು, ಎಲ್ಲವನ್ನೂ ತೊದಲುತ್ತ ಒದರಿದೆ. ಯಾರೋ ಕಿಸಕ್ಕನೆ ನಕ್ಕರು. ಪಾಸ್ಟರ್ ಮಾತ್ರ ನಗಲಿಲ್ಲ. ತಪ್ಪು ಯಾರದಾದರೂ ಆಗಿರಲಿ ನಿಯಮ ನಿಯಮವೇ, ಬೇಕಾದರೆ ಅಜ್ಜಿ ಮೇಲೊಂದು ಶಾಲು ಹೊದ್ದು ಬರಲಿ ಎಂದರು. ಅವರಿಗೆ ಎದುರಾಡುವಷ್ಟು ಧೈರ್ಯ ನನಗೆ ಎಲ್ಲಿಂದ ಬರಬೇಕು? ಸುಮ್ಮನೆ ಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಂತೆ.

ದೊಡ್ಡಮ್ಮ ಹೊಸ್ತಿಲ ಮೇಲೆ ಒಂದು ಕಾಲಿಟ್ಟು ನಿಂತಳು.

"ನಾನು ಮೂರು ವಾರ ಹೊರಗಿದ್ದೆ" ಎಂದಳು. "ನೀನು ಒಳಗೆ ಬಂದು ಎಷ್ಟು ದಿನ ಆಯ್ತಪ್ಪ?"

ಲೆಕ್ಕ ಹಾಕಿದೆ. ಹದಿನಾಲ್ಕು ತಿಂಗಳು. ಒಳಗಿನ ಯಾವ ಪ್ರಾರ್ಥನೆಯೂ, ಯಾವ ಪ್ರಸಂಗವೂ ನನ್ನ ಕಿವಿಗೆ ಪೂರ್ತಿ ಬಿದ್ದಿರಲಿಲ್ಲ. ಅವಳು ನನ್ನ ಕೋಟಿನ ತುದಿ ಹಿಡಿದು ಒಳಗೆ ನಡೆದಳು, ನಾನು ಹಿಂದೆ ಹೋದೆ. ಕೊನೆಯ ಬೆಂಚಿನಲ್ಲಿದ್ದವರು ಸರಿದು ಜಾಗ ಕೊಟ್ಟರು. ಅಷ್ಟರಲ್ಲಿ ಎಲ್ಲರೂ ಎದ್ದು ನಿಂತು ಹಾಡಲು ಶುರುಮಾಡಿದರು. ನಾನು ಬಾಗಿಲಲ್ಲಿದ್ದಾಗ ಒಳಗೆ ಕಲಿಸಿದ ಹೊಸ ಹಾಡು, ಚಿಕ್ಕ ಮಕ್ಕಳಿಗೂ ಅದು ಬಾಯಿಪಾಠವಾಗಿತ್ತು, ನನಗೆ ಮಾತ್ರ ಬರುತ್ತಿರಲಿಲ್ಲ.