ಇನ್ನೂರು ಪುಟ ಕಿತ್ತ ಕಾದಂಬರಿ

ತೊಂಬತ್ತರ ದಶಕದಲ್ಲಿ ಚಾಮರಾಜನಗರದಿಂದ ಗುಂಡ್ಲುಪೇಟೆಯ ಒಂದು ಸಣ್ಣ ಲೈಬ್ರರಿಗೆ ತಪಾಸಣೆಗೆ ಹೋಗಿದ್ದೆ. ಸೇಡಿನ ಕಥೆಯ ಒಂದು ದಪ್ಪ ಕಾದಂಬರಿಯ ನಡುವೆ ಇನ್ನೂರು ಪುಟಗಳೇ ಇರಲಿಲ್ಲ. ಮಹಾಕೃತಿ ಹಾಳಾಯಿತೆಂದು ಲೈಬ್ರೇರಿಯನ್ ಗೋಳಾಡಿದರು. ಉದ್ದ ಕಮ್ಮಿಯಾಯಿತಲ್ಲ ಎಂದೆ. ಅದನ್ನು ಕೊನೆಗೆ ಒಯ್ದಿದ್ದ ಈರುಳ್ಳಿ ಮಂಡಿಯ ಹಮಾಲಿಗೆ ಹೇಳಿ ಕಳಿಸಿದರೆ, ಬಂದದ್ದು ಅವನ ತಾಯಿ.

"ನಾನೇ ಕಿತ್ತಿದ್ದು ಸಾ."

"ಯಾಕಮ್ಮ?"

"ದೊಡ್ ಮಗನ್ನ ಕೊಂದೋನು ಜೈಲಿಂದ ಬತ್ತಾವ್ನೆ. ಅಷ್ಟ್ರಲ್ಲಿ ಚಿಕ್ಕೋನು ಈ ಬುಕ್ ತಂದ. ಅವ್ನು ಓದೋಕ್ ಮುಂಚೆ ಸೊಸೆ ನಂಗೆ ಓದಿ ಹೇಳುದ್ಲು. ಸೇಡು ತೀರ್ಸೋ ಹಾಳೆನೆಲ್ಲ ಒಲೆಗಾಕ್ಬುಟ್ಟೆ. ಕೊನೇಲಿ ಕ್ಷಮಿಸ್ತಾನಲ್ಲ, ಅದ್ನ ಮುಟ್ಟಿಲ್ಲ ಕಣ ಸಾ."

"ಮಗ ಕೇಳಲಿಲ್ಲವೇ?"

"ಒಳ್ಳೇ ಕಥೆ, ಬೇಗ್ನೆ ಮುಗ್ದೋಯ್ತು ಅಂದ."

ಅದೇ ಕಾದಂಬರಿಗೆ ಕೊನೆಯ ಕ್ಷಮೆ ಅನಗತ್ಯವೆಂದು ಪ್ರಬಂಧ ಬರೆದು ಎಂ.ಎ.ಯಲ್ಲಿ ಒಳ್ಳೆಯ ಅಂಕ ಪಡೆದವನು ನಾನು.