ಬಾಣಂತಿ ಖೋಲಿಯ ಮೀನು

ಹೋದ ವಾರ ಔರಾದ ಬಸ್ ನಿಲ್ದಾಣದ ಎದುರು ಚಹಾ ಕುಡಿದೆ. ಮೊದಲ ಗುಟುಕಿಗೇ ನಾಲಿಗೆಗೆ ಸವಳು ನೀರಿನ ಉಪ್ಪು ತಾಗಿತು. ಬೇರೆಯವರಾಗಿದ್ದರೆ ಮುಖ ಕಿವುಚುತ್ತಿದ್ದರು. ನಾನು ಇನ್ನೊಂದು ಕಪ್ ಕೇಳಿದೆ. ಚಹಾದವನು ಅನುಮಾನದಿಂದ ನೋಡಿದ. ಅವನಿಗೆ ಕಾರಣ ಹೇಳುವಷ್ಟರಲ್ಲಿ ಬಸ್ ಬಂತು. ನಿಮಗೆ ಹೇಳುತ್ತೇನೆ.

ನನ್ನ ಅಕ್ಕನದು ಭಾಲ್ಕಿ. ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ. ಕೆಲವು ವರ್ಷಗಳ ಹಿಂದೆ ಹೈದರಾಬಾದಿನಿಂದ ಒಂದು ಗಾಜಿನ ತೊಟ್ಟಿಯನ್ನೂ ಒಂದು ಜೊತೆ ಮೀನನ್ನೂ ತಂದಳು. ಅಂಗೈಗಿಂತ ಚಿಕ್ಕವು, ಅರಿಸಿನದ ಬಣ್ಣ, ಪಕ್ಕೆಯ ಮೇಲೊಂದು ಕಪ್ಪು ಬೊಟ್ಟು. ಸಿಕ್ಲಿಡ್ ಜಾತಿಯವು, ಕ್ರೋಮೈಡ್ ಎಂದು ಹೆಸರು. ಹೊಳೆ ಸಮುದ್ರ ಸೇರುವ ಕಡೆಯ ಅರೆ ಉಪ್ಪು ನೀರಿನಲ್ಲಿ ಹುಟ್ಟಿ ಬೆಳೆಯುವಂಥವು. “ಮೀಠಾ ಪಾನಿ ನಕ್ಕೊ, ಜರಾ ನಮಕ್ ಕಾ ಹೋನಾ” ಎಂದು, ಸಿಹಿನೀರು ಬೇಡ ತುಸು ಉಪ್ಪಿನದೇ ಬೇಕೆಂದು, ಅಂಗಡಿಯವನು ಹೇಳಿ ಕಳಿಸಿದ್ದನಂತೆ.

ಅಕ್ಕನದು ಶರಣರ ಮನೆ. ಆ ಹೊಸ್ತಿಲು ದಾಟಿ ಮೀನು ಯಾವ ರೂಪದಲ್ಲೂ ಒಳಗೆ ಬಂದದ್ದಿಲ್ಲ. ಅವಳ ಅತ್ತೆ ಶರಣಮ್ಮ ಬಾಗಿಲಲ್ಲೇ ತಡೆದರು.

“ಏನವ್ವ, ಇವನ್ನ ಏನ್ ಮಾಡ್ತಿ?”

“ಏನಿಲ್ರಿ ಅತ್ತಿ, ಸುಮ್ಮ ನೋಡ್ಲಾಕ.”

“ನೋಡ್ಲಾಕ ನಿನ್ನ ಗಂಡ ಇದ್ದಾನಲ್ಲ!”

ಆದರೂ ಬಿಟ್ಟುಕೊಂಡರು.

ನಲ್ಲಿ ನೀರಿಗೆ ಉಪ್ಪು ಬೆರೆಸಿದರೆ ಮೀನು ಮಂಕಾಗಿ ಮೂಲೆ ಹಿಡಿದವು. ಆಗ ನೆನಪಾದವನು ನಾನು. ಬೀದರದಲ್ಲಿ ಪತ್ರಿಕೆಯ ಕೆಲಸ, ವಾರಕ್ಕೊಮ್ಮೆಯಾದರೂ ಔರಾದ ತಾಲೂಕಿನ ತಿರುಗಾಟ. ಅಲ್ಲಿನ ಡಾಬಕಾದಲ್ಲಿ ಗೆಳೆಯನೊಬ್ಬನ ಹೊಲದ ಬೋರಿನ ನೀರು ಸವಳು. ಎಮ್ಮೆ ಕೂಡ ಮೂಸಿ ನೋಡಿ ಹಿಂದೆ ಸರಿಯುತ್ತಿತ್ತು. ಅದನ್ನು ಕ್ಯಾನಿಗೆ ತುಂಬಿಸಿಕೊಂಡು ಬಸ್ ಹತ್ತಿದೆ.

“ಎಣ್ಣಿ ಏನ್ರಿ?” ಎಂದ ಕಂಡಕ್ಟರ್.

“ನೀರ್ರಿ. ಮೀನಿಗಿ.”

“ಮೀನು ನೀರು ಹುಡುಕಿ ಹೋಗ್ತಾವಂತ ಕೇಳೀನ್ರಿ. ನೀರೇ ಟಿಕೆಟ್ ತಗೊಂಡು ಮೀನಿನ ಹಂತ್ಯಾಕ ಹೊಂಟಿದ್ದು ಇವತ್ತೇ ನೋಡಿದ್ದು.”

ಬಸ್ಸೆಲ್ಲ ನಕ್ಕಿತು. ಮೀನುಗಳು ಮಾತ್ರ ಆ ನೀರಿನಲ್ಲಿ ಮದುವೆ ಮನೆಯವರಂತೆ ಓಡಾಡತೊಡಗಿದವು. ತಿಂಗಳೊಪ್ಪತ್ತಿನಲ್ಲಿ ನುಣುಪು ಕಲ್ಲಿನ ಮೇಲೆ ಮೊಟ್ಟೆ ಅಂಟಿಸಿದವು.

ಸುದ್ದಿ ಹಬ್ಬಲು ಪತ್ರಿಕೆ ಬೇಕಾಗಲಿಲ್ಲ. ಓಣಿಯ ಮಂದಿಯೆಲ್ಲ ಬಂದರು, ಗಾಜು ತಟ್ಟಿದರು, ಫೋಟೊ ತೆಗೆದರು. ಮರುದಿನ ಕಲ್ಲು ಖಾಲಿ.

“ಅವೇ ತಿಂದಾವ್ರಿ,” ಎಂದಳು ಅಕ್ಕ, ಸಣ್ಣ ದನಿಯಲ್ಲಿ.

ಶರಣಮ್ಮನವರ ಮುಖ ಗಂಟಿಕ್ಕಿತು. “ತಾನು ಹಡದಿದ್ದು ತಾನೇ ತಿನ್ನೂ ಪ್ರಾಣಿ ನಮ್ಮ ಮನ್ಯಾಗ ಬ್ಯಾಡವ್ವ. ಇನ್ನೊಮ್ಮಿ ಹಿಂಗಾತಂದ್ರ ತೊಟ್ಟಿ ಸಮೇತ ತಮ್ಮನ ಸಂಗಟ ಕಳಿಸಿಬಿಡು.”

ಅಕ್ಕ ಎದುರಾಡಲಿಲ್ಲ. ತೊಟ್ಟಿಯ ಮುಂದೆ ಕೂತು, ಹತ್ತನೇ ತರಗತಿಯ ದಡ್ಡನಿಗೆ ಹೇಳುವಂತೆ ಮೀನಿಗೆ ಬುದ್ಧಿ ಹೇಳಿದ್ದನ್ನು ನಾನೇ ಕಂಡಿದ್ದೇನೆ.

ಮತ್ತೆ ಮೊಟ್ಟೆ ಬಂತು. ಮತ್ತೆ ಮಂದಿ ಬಂದರು. ಭಾವ ಮೊಬೈಲಿನ ಬೆಳಕು ಬಿಟ್ಟು ಎಲ್ಲರಿಗೂ ವಿವರಿಸುತ್ತಿದ್ದರು. ಮೀನು ಗಾಬರಿಯಿಂದ ಗಾಜಿಗೆ ಬಡಿದುಕೊಳ್ಳುತ್ತಿದ್ದವು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಶರಣಮ್ಮ ಹಿಟ್ಟಿನ ಕೈಯಲ್ಲೇ ಬಂದು ನಿಂತರು. ತುಸು ಹೊತ್ತು ಆ ಮೀನುಗಳನ್ನೇ ನೋಡಿದರು.

“ಏಳ್ರಿ ಎಲ್ಲಾರೂ! ಬಾಣಂತಿ ಖೋಲ್ಯಾಗ ಇಷ್ಟು ಮಂದಿ ನುಗ್ಗಿದ್ರ ಯಾರ ತಲಿ ನೆಟ್ಟಗಿರ್ತದ?”

ತಮ್ಮ ಹಳೇ ಸೀರೆ ತಂದು ತೊಟ್ಟಿಯ ಸುತ್ತ ಇಳಿಬಿಟ್ಟರು. ಬಂದವರಿಗೆಲ್ಲ ಹೊರಗೇ ಉತ್ತರ: “ಒಳಗ ಬಾಣಂತಿ ಅದಾಳ.” ಓಣಿಯ ಕೊನೆಯ ಮನೆಯಾಕೆ ನಿಜವೆಂದೇ ನಂಬಿ ಡಬ್ಬಿ ತುಂಬ ಬಾಣಂತಿಗೆ ಮಾಡುವ ಅಂಟಿನುಂಡಿ ತಂದುಕೊಟ್ಟರು. “ಬಾಣಂತಿ ನೀರಾಗ ಇರ್ತಾಳ, ಉಂಡಿ ಅಕಿ ಹಲ್ಲಿಗಿ ಆಗಲ್ಲ,” ಎಂದು ಶರಣಮ್ಮ ತಾವೇ ತಿಂದರು.

ಮುಂದಿನ ಭಾನುವಾರ ನಾನು ಭಾಲ್ಕಿಯಲ್ಲಿದ್ದೆ. ಶರಣಮ್ಮ ಸೀರೆಯ ಅಂಚೆತ್ತಿ ಮೊದಲು ತಾವೊಬ್ಬರೇ ಇಣುಕಿದರು. ಅಕ್ಕ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಉಗುರು ನಾಟಿತು.

“ಬಾರವ್ವ. ಮೆಲ್ಲಕ ಬಾ.”

ಸಾಸಿವೆಗಿಂತ ಸಣ್ಣ ಮರಿಗಳು, ಹೊಗೆಯ ಹಾಗೆ ತೇಲುತ್ತಿದ್ದವು. ಒಮ್ಮೆ ತಾಯಿಯ ಪಕ್ಕೆಗೆ, ಒಮ್ಮೆ ತಂದೆಯ ಪಕ್ಕೆಗೆ ಬಾಯಿ ಹಚ್ಚಿ ಸರಿಯುತ್ತಿದ್ದವು. ಹೆತ್ತವರ ಚರ್ಮದ ಲೋಳೆಯನ್ನು ಮರಿಗಳು ತಿನ್ನುತ್ತವೆ ಎಂದು ಅಕ್ಕ ಪಿಸುಗುಟ್ಟಿದಳು.

“ಅಂದ್ರ ಅಪ್ಪನ ಮೈಯಾಗೂ ಹಾಲು!” ಶರಣಮ್ಮ ಮಗನ ಕಡೆ ತಿರುಗಿದರು. “ನೋಡಪ್ಪಾ. ನಿನಗ ಮಗನ ತೊಟ್ಟಿಲ ತೂಗಂದ್ರ ಕೈ ನೋಯ್ತಿತ್ತು.”

ಅಕ್ಕ ನಗುತ್ತಲೇ ಕಣ್ಣೊರೆಸಿಕೊಂಡಳು. ತೊಟ್ಟಿಯನ್ನು ಕಳಿಸುವ ಮಾತು ಅಲ್ಲಿಗೆ ಮುಗಿಯಿತು.

ಈಗ ಮರಿ ಬೇಕೆಂದವರಿಗೆ ಶರಣಮ್ಮ ಹೆಣ್ಣು ಕೊಡುವವರಂತೆ ವಿಚಾರಿಸಿ ಕೊಡುತ್ತಾರೆ. ಜನವಾಡದ ಒಬ್ಬರಿಗೆ ಮನೆಯಲ್ಲಿ ಬೆಕ್ಕಿದೆಯೆಂದು ಸಂಬಂಧ ಮುರಿಯಿತು. “ನೀವು ಪೇಪರಿನ ಮಂದಿ, ಹೊತ್ತಿಗಿ ಮನಿ ಸೇರಲ್ಲ” ಎಂದು ನನ್ನನ್ನೂ ಬಹಳ ದಿನ ಕಾಯಿಸಿ, ಈ ವರ್ಷ ಒಂದು ಜೊತೆ ಕೊಟ್ಟರು. ನಿನ್ನೆ ಅವು ಮೊಟ್ಟೆ ಇಟ್ಟವು. ಅಕ್ಕನಿಗೆ ಫೋನ್ ಮಾಡಿದ್ದೇ ತಪ್ಪಾಯಿತು. ಬೆಳಗಿನ ಬಸ್ಸಿಗೆ ಶರಣಮ್ಮ ಬೀದರಕ್ಕೆ ಬಂದಿಳಿದರು. ನನ್ನ ಯೋಗಕ್ಷೇಮ ಕೇಳದೆ ನೇರ ಒಳಗೆ ಹೋದರು.

“ತಮ್ಮಾ, ನೀ ಹೊರಗ ಕೂಡು.”

ನನ್ನದೇ ಮನೆಯ ಮೆಟ್ಟಿಲ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಕಣ್ಣಾರೆ ಕಂಡದ್ದನ್ನೇ ಬರೆಯಬೇಕೆಂದು ಹೊಸಬರಿಗೆ ಪಾಠ ಹೇಳುವ ನಾನು, ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಇಷ್ಟು ಹಿಗ್ಗಿ ಕೂತದ್ದು ಇದೇ ಮೊದಲು.

ಈಗಷ್ಟೇ ಕಚೇರಿಯಿಂದ ಫೋನ್ ಬಂತು. “ಏನಾರ ಸುದ್ದಿ ಅದನ್ರಿ?”

“ಅದರಿ,” ಎಂದೆ. “ಇನ್ನಾ ಖಾತ್ರಿ ಆಗಿಲ್ಲ. ಕಾಯ್ಲಾಕತ್ತೀನಿ.”