ಬಾಟಲಿಯಲ್ಲಿ ಬೆಳ್ಳಗಾದದ್ದು

ನಮ್ಮ ಚಿಕ್ಕಮ್ಮ ಸೇಡು ಮರೆಯುವ ಹೆಂಗಸಲ್ಲ. ದೂರುತ್ತಿಲ್ಲ, ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಚಿಕ್ಕಂದಿನಲ್ಲಿ ತನ್ನ ಪೆನ್ಸಿಲ್ ಮುರಿದಳೆಂದು ನಮ್ಮಮ್ಮನ ಜೊತೆ ಒಂದಿಡೀ ಬೇಸಿಗೆ ಮಾತು ಬಿಟ್ಟಿದ್ದಳಂತೆ. ಇಂಥವಳ ತಂಟೆಗೆ ಹೋಗಬೇಡಿ ಎಂದು ಅವಳ ವಿಭಾಗದ ಮುಖ್ಯಸ್ಥರಿಗೆ ಯಾರಾದರೂ ಮೊದಲೇ ಹೇಳಬೇಕಿತ್ತು.

ಅವಳಿಗೆ ಮ್ಯೂಸಿಯಂನ ಕಡಲಜೀವಿ ವಿಭಾಗದಲ್ಲಿ ಕೆಲಸ. ಪ್ರಾಣಿಗಳನ್ನು ಸ್ಪಿರಿಟ್ಟಿನ ಬಾಟಲಿಗೆ ಇಳಿಸಿ, ಚೀಟಿ ಅಂಟಿಸಿ, ಕಪಾಟಿನಲ್ಲಿ ಜೋಡಿಸುವುದು. ಎಲ್ಲರೂ ಅವಳನ್ನು 'ಬಾಟಲಕ್ಕ' ಎನ್ನುತ್ತಿದ್ದರು. ಊಟದ ಬಿಡುವಿನಲ್ಲಿ ಬಂದರಿಗೆ ಹೋಗಿ, ದೋಣಿಕಟ್ಟೆಗೆ ನೇತುಹಾಕಿದ ಹಳೇ ಟೈರುಗಳನ್ನು ಕೆದಕುವುದು ಅವಳ ಚಟ. ಒಂದು ದಿನ ಅಲ್ಲಿ ಸೀ ಸ್ಕ್ವರ್ಟ್ ಎಂಬ ಕಡಲಜೀವಿ ಸಿಕ್ಕಿತು. ಮುಟ್ಟಿದರೆ ಪಿಚಕ್ಕನೆ ನೀರು ಚಿಮ್ಮುವ ಜಾತಿ. ಅಕ್ಕಿಕಾಳಿಗಿಂತ ಸಣ್ಣ ನೂರಾರು ಜೀವಿಗಳು ಒಂದೇ ಮೆತ್ತನೆಯ ಹೊದಿಕೆಯೊಳಗೆ ಬಾಳುವ ಕೂಡುಕುಟುಂಬ. ಬಣ್ಣ ಕಡುಗೆಂಪು, ಪ್ರತಿ ಬಾಯಿಯ ಸುತ್ತ ಹಳದಿ ಗೆರೆ. ಅಂಥದ್ದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಅದು ಬೆದರಿ ಮುದುಡದಿರಲೆಂದು ಮೊದಲು ಕಡಲನೀರಿಗೆ ಮೆಂಥಾಲ್ ಹರಳು ಹಾಕಿ ಮಂಪರು ಬರಿಸಿದಳು, ಆಮೇಲೆ ಬಾಟಲಿಗೆ ಇಳಿಸಿದಳು. ಬಣ್ಣವನ್ನು ತನ್ನ ನೋಟ್‌ಬುಕ್ಕಿನಲ್ಲಿ ಬ್ರಷ್ಷಿನಿಂದ ಬರೆದಿಟ್ಟಳು. ಸ್ಪಿರಿಟ್ಟಿಗೆ ಬಿದ್ದರೆ ವಾರದೊಳಗೆ ಬಣ್ಣವೆಲ್ಲ ಬಿಟ್ಟುಹೋಗುತ್ತದೆ. ಬಾಟಲಿ ತೊಳೆದವರಿಗೆ ಇದು ಗೊತ್ತು.

"ಇದಕ್ಕೆ ನಿಮ್ಮಜ್ಜಿ ಹೆಸರೇ ಇಡೋದು ಕಣೇ," ಎಂದಿದ್ದಳು ನನಗೆ. ಹೊಸ ಜೀವಿಯ ವಿವರಣೆಯನ್ನು ಮೊದಲು ಅಚ್ಚು ಹಾಕಿಸಿದವರಿಗೇ ಹೆಸರಿಡುವ ಹಕ್ಕು. ಊಟದ ಮೇಜಿನ ಮೇಲೆ ವಿವರಣೆ ಅರ್ಧ ಬರೆದಾಗಿತ್ತು. ಅಷ್ಟರಲ್ಲಿ ಅಜ್ಜಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಚಿಕ್ಕಮ್ಮ ಎರಡು ತಿಂಗಳು ರಜೆ ಹಾಕಿ ಪಕ್ಕದಲ್ಲೇ ಕೂತಳು. ಅಜ್ಜಿ ಉಳಿಯಲಿಲ್ಲ.

ಕೆಲಸಕ್ಕೆ ಮರಳಿದಾಗ ಬಾಟಲಿ ಕಪಾಟಿನಲ್ಲಿರಲಿಲ್ಲ, ಮುಖ್ಯಸ್ಥರ ಮೇಜಿನ ಮೇಲಿತ್ತು. ಹೊಸ ಪ್ರಭೇದವೆಂದು ಲೇಖನ ಬರೆದು ಕಳಿಸಿಯೂ ಆಗಿತ್ತು, ಅವರೊಬ್ಬರದೇ ಹೆಸರಿನಲ್ಲಿ. ಇನ್ನು ಮುಂದೆ ಆ ಮನುಷ್ಯನಿಗೆ ಬಹುವಚನ ನನ್ನಿಂದಾಗದು. ಕರಡಚ್ಚು ಬಂದಾಗ, ಚಿತ್ರಗಳ ಅಳತೆ ನೋಡೆಂದು ಅವಳ ಕೈಗೇ ಕೊಟ್ಟ, ನಾಚಿಕೆಗೆಟ್ಟವನು. ಅವಳು ಓದಿದಳು: 'ಜೀವಂತವಾಗಿದ್ದಾಗ ಬಣ್ಣ ಅಚ್ಚಬಿಳಿ.' ಇಟ್ಟಿದ್ದ ಲ್ಯಾಟಿನ್ ಹೆಸರಿನ ಅರ್ಥವೂ ಅಚ್ಚಬಿಳಿ ಎಂದೇ.

"ಸರ್, ಇದರ ಬಣ್ಣದ ಬಗ್ಗೆ ಒಂದು ಮಾತು..."

"ನೋಡಮ್ಮಾ, ನೀನು ಬಾಟಲಿ ತೊಳಿ. ಬರೆಯೋದು ನಮಗೆ ಬಿಡು."

ಚಿಕ್ಕಮ್ಮ ಅಳತೆ ಸರಿಯಿದೆ ಎಂದು ಗುರುತು ಹಾಕಿ, ಹಾಳೆಗಳನ್ನು ವಾಪಸು ಕೊಟ್ಟಳು.

"ಇನ್ನೊಂದ್ಸಲ ಹೇಳ್ಬಹುದಿತ್ತಲ್ಲ ಚಿಕ್ಕಮ್ಮಾ?" ಎಂದು ಸಂಜೆ ಮನೆಯಲ್ಲಿ ಕೇಳಿದೆ.

"ಒಂದ್ಸಲ ಹೇಳೋಕೆ ಹೋದ್ನಲ್ಲ. ಎರಡನೇ ಸಲ ಹೇಳೋದು ನನ್ನ ಕೆಲಸದಲ್ಲಿಲ್ಲ."

ಅಂದು ಅವಳು ಖುಷಿಯಾಗಿದ್ದಳು. ನಾನೂ.

ಲೇಖನ ಅಚ್ಚಾಯಿತು, ಸನ್ಮಾನವೂ ಆಯಿತು. ಚಿಕ್ಕಮ್ಮ ಕೊನೆಯ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದಳು. ಆರು ತಿಂಗಳ ನಂತರ ಅದೇ ಪತ್ರಿಕೆಯಲ್ಲಿ ಅವಳ ನಾಲ್ಕು ಪುಟ ಬಂತು: ಅದೇ ಟೈರು, ಅದೇ ಪ್ರಾಣಿ, ಜೀವಂತ ಫೋಟೋ. ರಕ್ತಗೆಂಪು ಮುದ್ದೆ, ಕೆಳಗೆ 'ಅಚ್ಚಬಿಳಿ' ಎನ್ನುವ ಹೆಸರು, ಅದರ ಪಕ್ಕದಲ್ಲಿ ನಿಯಮದಂತೆ ಹೆಸರಿಟ್ಟವನ ಹೆಸರು. ಜೀವಂತ ಪ್ರಾಣಿಯನ್ನು ಕಣ್ಣಿಂದಲೂ ನೋಡದೆ ಬರೆದವನೆಂದು ಎಲ್ಲರಿಗೂ ಗೊತ್ತಾಯಿತು. ಊಟದ ಕೋಣೆಗೆ ಅವನು ಬಂದರೆ ಚಮಚಗಳು ನಿಲ್ಲುತ್ತಿದ್ದವು, ಹೋದಮೇಲೆ ನಗು ಕೇಳುತ್ತಿತ್ತು.

ಒಂದು ಮಧ್ಯಾಹ್ನ ಅವನೇ ಅವಳು ಬಾಟಲಿ ತೊಳೆಯುವ ತೊಟ್ಟಿಯ ಹತ್ತಿರ ಬಂದು ನಿಂತ.

"ಮೇಡಂ, ಆ ಹೆಸರು ಬದಲಾಯಿಸೋಕೆ ಏನಾದ್ರೂ ದಾರಿ ಇದೆಯಾ?"

ಮೇಡಂ! ಇಪ್ಪತ್ತೊಂದು ವರ್ಷದ ನೌಕರಿಯಲ್ಲಿ ಮೊದಲ ಸಲ.

"ಇಲ್ಲ ಸರ್," ಎಂದಳು ಕೈ ಒರೆಸಿಕೊಳ್ಳುತ್ತ. "ತಪ್ಪು ಅರ್ಥ ಅಂತ ಹೆಸರು ತೆಗೆಯೋಕೆ ನಿಯಮದಲ್ಲಿ ದಾರಿಯಿಲ್ಲ. ನಾವು ಸತ್ತಮೇಲೂ ಅದು ಹಾಗೇ ಇರುತ್ತೆ. ಪಕ್ಕದಲ್ಲಿ ನೀವೂ ಇರ್ತೀರಿ."

ಸಂಜೆ ಅವಳು ಇದನ್ನೆಲ್ಲ ಎರಡೆರಡು ಸಲ ಹೇಳಿ ನಕ್ಕಳು. ನಗು ಮುಗಿದಮೇಲೆ ಗೋಡೆಯ ಮೇಲಿನ ಅಜ್ಜಿಯ ಫೋಟೋ ನೋಡುತ್ತ ಕೂತಳು.

"ಹೊಟ್ಟೆ ತಣ್ಣಗಾಯ್ತಾ ಚಿಕ್ಕಮ್ಮಾ?"

"ಎಲ್ಲಿ ತಣ್ಣಗಾಗುತ್ತೆ? ಅದು ಅಮ್ಮನ ಹೆಸರಿನ ಜಾಗ ಕಣೇ. ಅಲ್ಲಿ ಅವನು ಕೂತಿದಾನೆ, ನಾನೇ ಕೂರೋಕೆ ಬಿಟ್ಟೆ."

ಮರುದಿನ ಊಟದ ಬಿಡುವಿನಲ್ಲಿ ಚಾಕು ಹಿಡಿದು ಮತ್ತೆ ಬಂದರಿಗೆ ಹೋದಳು. ಇನ್ನೂ ಹೋಗುತ್ತಿದ್ದಾಳೆ. ಅಜ್ಜಿಗೆಂದು ಹೊಸದೊಂದು ಸಿಗುವವರೆಗೂ ಅವನನ್ನು ಕ್ಷಮಿಸುವುದಿಲ್ಲವಂತೆ. ಸಿಕ್ಕಮೇಲೂ ಕ್ಷಮಿಸುವುದಿಲ್ಲವಂತೆ.